ಮನೆಯಲ್ಲೇ ರೆಕಾರ್ಡ್ ಮಾಡಿದ ಮೆಟಲ್ ಡೆಮೊ: ಮಿಕ್ಸ್ ಮಾಡಿದಷ್ಟೂ ಪ್ಲಾಸ್ಟಿಕ್ ಆಗ್ತಿದೆ, ಏನು ಮಾಡಲಿ?

ದಪ್ಪ ತಂತಿ

ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ತಾಳ್ಮೆಯಿಂದ ಓದಿ.

ನಾವು ಮೈಸೂರಿನ ನಾಲ್ಕು ಜನ ಹುಡುಗರು. ವೇಗದ ಥ್ರ್ಯಾಶ್ ಶೈಲಿ ಕಡೆ ವಾಲಿದ ಮೆಟಲ್. ನಾನು ಬೇಸ್ ನುಡಿಸುತ್ತೇನೆ. ಮಿಕ್ಸಿಂಗ್ ತಲೆನೋವೂ ನನ್ನದೇ, ಯಾಕಂದ್ರೆ ಲ್ಯಾಪ್‌ಟಾಪ್ ನನ್ನದು. ಡೆಮೊಗೆ ಅಂತ ನಾಲ್ಕು ಹಾಡು ರೆಕಾರ್ಡ್ ಮಾಡಿದ್ದೇವೆ. ಎರಡು ಕನ್ನಡ, ಎರಡು ಇಂಗ್ಲಿಷ್. ಎಲ್ಲ ತಂತಿಯೂ ಒಂದು ಟೋನ್ ಕೆಳಗೆ, ಅಂದ್ರೆ ಡಿ ಟ್ಯೂನಿಂಗ್.

ಜಾಗ ನಮ್ಮ ಡ್ರಮ್ಮರ್‌ನ ಸೋದರಮಾವನ ಮನೆ, ಕುವೆಂಪುನಗರದಲ್ಲಿ. ಮಹಡಿ ಮೇಲಿನ ರೂಮು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಎತ್ತರವೂ ಹತ್ತೇ ಅಡಿ. ಗಾರೆ ನೆಲ. ಒಂದು ಚಪ್ಪಾಳೆ ಹೊಡೆದರೆ ಗೋಡೆ ವಾಪಸ್ ನಾಲ್ಕು ಹೊಡೆಯುತ್ತದೆ. ಒಂದು ಗೋಡೆಗೆ ಕೋಳಿಮೊಟ್ಟೆ ಟ್ರೇ ಅಂಟಿಸಿದ್ದೇವೆ (ನಗಬೇಡಿ). ಪಕ್ಕದ ಮನೆ ಅಜ್ಜಿ ಊಟ ಮಾಡಿ ಮಲಗೋದು ಒಂದು ಗಂಟೆಗೆ. ಹಾಗಾಗಿ ಡ್ರಮ್ಸ್ ಏನಿದ್ದರೂ ಭಾನುವಾರ ಬೆಳಿಗ್ಗೆ 10ರಿಂದ 1. ಮೂರು ಭಾನುವಾರ ಹಿಡಿಯಿತು.

ಡ್ರಮ್ಸ್‌ಗೆ ಎಂಟು ಮೈಕ್. ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್), ಸ್ನೇರ್ (ಚಟ್ ಅನ್ನೋ ಮುಖ್ಯ ಡ್ರಮ್), ಮೂರು ಟಾಮ್, ಮೇಲೆ ಎರಡು ಓವರ್‌ಹೆಡ್. ಎಂಟನೇದು ಮಿಕ್ಕಿತ್ತು ಅಂತ ಬಾಗಿಲಾಚೆ ಮೆಟ್ಟಿಲ ಹತ್ತಿರ ಸುಮ್ನೆ ನಿಲ್ಲಿಸಿದ್ದೆವು. ಅದರಲ್ಲಿ ಬರೀ ಗಲಾಟೆ ಕೇಳಿಸಿತು, ಮ್ಯೂಟ್ ಮಾಡಿಟ್ಟಿದ್ದೇನೆ. ಗಿಟಾರ್ ಇಬ್ಬರದು, ತಲಾ ನಾಲ್ಕು ಸಲ ನುಡಿಸಿ ಎಂಟು ಟ್ರ್ಯಾಕ್. ಎಲ್ಲ ನೇರ ಇಂಟರ್‌ಫೇಸ್‌ಗೆ (ವಾದ್ಯವನ್ನು ಲ್ಯಾಪ್‌ಟಾಪ್‌ಗೆ ಜೋಡಿಸೋ ಡಬ್ಬಿ), ಮೇಲೆ ಆಂಪ್ ಸಿಮ್ (ಆಂಪ್ ಶಬ್ದ ಅನುಕರಿಸೋ ಸಾಫ್ಟ್‌ವೇರ್). ಬೇಸ್ ಕೂಡ ನೇರ. ಗಾಯಕ ಹಾಡಿದ್ದು ಅತ್ತೆಯ ಬಟ್ಟೆ ಬೀರುವಿನ ಒಳಗೆ ತಲೆ ಹಾಕಿ, ರೇಷ್ಮೆ ಸೀರೆಗಳ ಎದುರು.

ಈಗ ಸಮಸ್ಯೆ. ಯೂಟ್ಯೂಬ್ ನೋಡಿ ಎಲ್ಲ ಮಾಡಿದೆ. ಡ್ರಮ್ಸಿನ ಪ್ರತಿ ಏಟನ್ನೂ ಗ್ರಿಡ್‌ಗೆ, ಅಂದ್ರೆ ಕಂಪ್ಯೂಟರ್‌ನ ತಾಳದ ಗೆರೆಗೆ ಕೂರಿಸಿದೆ. ಕಿಕ್, ಸ್ನೇರ್ ಎರಡನ್ನೂ ರೆಡಿಮೇಡ್ ಸ್ಯಾಂಪಲ್‌ಗೆ (ಬೇರೆಯವರು ರೆಕಾರ್ಡ್ ಮಾಡಿಟ್ಟ ಏಟು) ಬದಲಾಯಿಸಿದೆ. ಪ್ರತಿ ಟ್ರ್ಯಾಕ್‌ಗೂ ಇಕ್ಯೂ (ಶಬ್ದದ ಬೇಕಾದ ಭಾಗ ಏರಿಸಿ ಇಳಿಸೋದು), ಕಂಪ್ರೆಸರ್ (ಜೋರು ಮೆಲುವಿನ ಅಂತರ ತಗ್ಗಿಸೋದು), ಕೊನೆಗೆ ಲಿಮಿಟರ್ (ಮಿತಿ ದಾಟದ ಹಾಗೆ ಒತ್ತಿ ಜೋರು ಮಾಡೋದು). ಆಮೇಲೆ ಕೇಳಿದರೆ ಕಿಕ್ಕು ಟೈಪ್‌ರೈಟರ್. ಗಿಟಾರ್ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. ಅದೇ ಮಹಡಿ ರೂಮಲ್ಲಿ ಕೂತು ಮಿಕ್ಸ್ ಮಾಡುವಾಗ ಬೇಸ್ ಗುಡುಗುತ್ತದೆ, ಗೆಳೆಯನ ಕಾರಲ್ಲಿ ಬೇಸೇ ಇಲ್ಲ. ಮೊಬೈಲಲ್ಲಂತೂ ನಾನು ಬ್ಯಾಂಡ್‌ನಲ್ಲೇ ಇಲ್ಲ. ಮೊನ್ನೆ ಡ್ರಮ್ಮರ್‌ಗೆ ಕೇಳಿಸಿದೆ. ಪೂರ್ತಿ ಕೇಳಿ ಹೆಡ್‌ಫೋನ್ ತೆಗೆದಿಟ್ಟು, "ಚೆನ್ನಾಗಿದೆ ಮಗಾ, ಆದ್ರೆ ಇದು ನಾನು ಬಾರಿಸಿದ್ದಲ್ಲ" ಅಂದ. ನಿದ್ದೆ ಬಂದಿಲ್ಲ ಆವತ್ತು.

ಇನ್ನೊಂದು ನಾಚಿಕೆಯ ವಿಷಯ. ಪ್ರಾಕ್ಟೀಸ್ ಮಾಡುವಾಗ ಕಿಟಕಿ ಕಟ್ಟೆ ಮೇಲೆ ಮೊಬೈಲ್ ಇಟ್ಟು ಮಾಡಿದ ರೆಕಾರ್ಡಿಂಗ್ ಇದೆ. ಒರಟು, ಕಿರಿಕಿರಿ, ಆದರೆ ಅದು ನಾವು. ತಿಂಗಳುಗಟ್ಟಲೆ ಕೂತು ಮಾಡಿದ ಈ ಮಿಕ್ಸ್ ಯಾರೋ ಬೇರೆಯವರು. ಅರ್ಧ ನಿಮಿಷದ ತುಣುಕು ಎರಡನ್ನೂ ಹಾಕಿದ್ದೇನೆ. ಸಹಜವಾಗಿ, ನಾಲ್ಕು ಜನ ಒಂದು ರೂಮಲ್ಲಿ ನಿಂತು ಬಾರಿಸಿದ ಹಾಗೆ ಕೇಳಿಸಬೇಕು. ಯಾವ ಪ್ಲಗಿನ್ (ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಸೇರಿಸೋ ಉಪಕರಣ) ತಗೊಳ್ಳಲಿ?

ಡಬಲ್ ಪೆಡಲ್

ಗುರು, ಬೇಜಾರಾಗಬೇಡ. ಈಗಿನ ಮೆಟಲ್‌ನಲ್ಲಿ ನ್ಯಾಚುರಲ್ ಅನ್ನೋದೇ ಇಲ್ಲ. ನೀನು ಕೇಳಿ ಬೆಳೆದ ಅರ್ಧ ರೆಕಾರ್ಡ್‌ಗಳಲ್ಲಿ ಕಿಕ್ಕು ಸ್ಯಾಂಪಲ್ಲೇ. ಲೆಕ್ಕ ಹಾಕು. 200 ಬಿಪಿಎಂನಲ್ಲಿ (ನಿಮಿಷಕ್ಕೆ 200 ಬೀಟ್) ಎರಡೂ ಕಾಲಲ್ಲಿ ಬೀಟಿಗೆ ನಾಲ್ಕರಂತೆ ಕಿಕ್ ಹೊಡೆದರೆ ಏಟಿಗೂ ಏಟಿಗೂ ನಡುವೆ 75 ಮಿಲಿಸೆಕೆಂಡ್. ಆ ಸ್ಪೀಡಲ್ಲಿ ಮನುಷ್ಯನ ಎಡಗಾಲು ಬಲಗಾಲಿನಷ್ಟು ಜೋರಾಗಿ ಹೊಡೆಯಲ್ಲ. ನಂದೂ ಹೊಡೆಯಲ್ಲ. ಸ್ಯಾಂಪಲ್ ಇಲ್ಲದಿದ್ದರೆ ಕಿಕ್ಕು ಗಿಟಾರ್ ಒಳಗೆ ಮುಳುಗಿ ಹೋಗುತ್ತದೆ. ಒಳ್ಳೆ ಸ್ಯಾಂಪಲ್ ಪ್ಯಾಕ್ ತಗೋ, ಕೆಲಸ ಮುಗಿಸು.

ಚೆಂಡೆ ಮೈಕು

ದಪ್ಪ ತಂತಿಯವರೇ, ಎರಡೂ ತುಣುಕು ಮೂರು ಮೂರು ಸಲ ಕೇಳಿದೆ. ಪ್ಲಗಿನ್ ಎಂತದೂ ತಗೊಳ್ಳಬೇಡಿ. ದುಡ್ಡು ಇಟ್ಟುಕೊಳ್ಳಿ, ಸ್ನೇರ್‌ಗೆ ಹೊಸ ಚರ್ಮ ಹಾಕಿಸಿ.

ನಾನಿರುವುದು ಉಡುಪಿ ಕಡೆ. ಹೊಟ್ಟೆಪಾಡು ಮೈಕ್ ಕೆಲಸ. ಮಳೆ ಬಿಟ್ಟ ಮೇಲೆ ಯಕ್ಷಗಾನ, ಉಳಿದ ದಿನ ಮದುವೆ, ಸಭೆ, ಸಿಕ್ಕಿದ್ದು. ಕಾಲೇಜಿನಲ್ಲಿದ್ದಾಗ ಮಂಗಳೂರಿನ ಒಂದು ಬ್ಯಾಂಡಿನಲ್ಲಿ ಗಿಟಾರ್ ಹಿಡಿದು ಕೂದಲು ಬೀಸಿದವನೇ. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಾತ್ರಿ ಬಸ್ಸಿನಲ್ಲಿ ಹೋದವರಲ್ಲಿ ನಾನೂ ಒಬ್ಬ. ಈಗ ಕೂದಲು ಇಲ್ಲ, ಕಿವಿ ಉಂಟು.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಉಂಟು. ಮೊಬೈಲ್ ರೆಕಾರ್ಡಿಂಗ್ ಯಾಕೆ ನಿಮ್ಮ ಹಾಗೆ ಕೇಳಿಸುತ್ತದೆ? ಅದು ಒಂದೇ ಕಿವಿ. ಒಂದೇ ಜಾಗದಲ್ಲಿ ಕೂತು ಕೇಳಿದೆ. ನಾಲ್ವರ ಶಬ್ದವೂ ಅದೇ ರೂಮಿನ ಗಾಳಿ ದಾಟಿ ಬಂದಿದೆ. ನಿಮ್ಮ ಮಿಕ್ಸಿನಲ್ಲಿ ಮ್ಯೂಟ್ ಮಾಡಿದ್ದು ಬಿಟ್ಟು ಹದಿನೇಳು ಟ್ರ್ಯಾಕ್, ಹದಿನೇಳೂ ಕೇಳುವವನ ಕಿವಿಗೆ ಬಾಯಿಟ್ಟು ಕೂಗುತ್ತವೆ. ಜಾತ್ರೆಯಲ್ಲಿ ಐಸ್‌ಕ್ಯಾಂಡಿಯವ, ಬಲೂನಿನವ, ಲಾಟರಿಯವ ಎಲ್ಲರೂ ನಿಮ್ಮ ಕಿವಿ ಹತ್ತಿರವೇ ನಿಂತ ಹಾಗೆ. ಹಾಗಾಗಿ ಆ ಮೊಬೈಲ್ ರೆಕಾರ್ಡಿಂಗೇ ನಿಮ್ಮ ರೆಫರೆನ್ಸ್. ಸೆಷನ್ನಿಗೆ ಅದನ್ನೂ ಒಂದು ಟ್ರ್ಯಾಕ್ ಅಂತ ಎಳೆದು ಹಾಕಿ. ಗುಣಮಟ್ಟಕ್ಕಲ್ಲ, ಅಳತೆಗೆ. ಸ್ನೇರ್ ಎಷ್ಟು ಜೋರು, ಗಿಟಾರ್ ಎಷ್ಟು, ಸಿಂಬಲ್ ಎಷ್ಟು ಅಂತ. ನಾನು ಕೇಳಿದ ಪ್ರಕಾರ ಮೊಬೈಲಿನಲ್ಲಿ ಸ್ನೇರ್ ಗಿಟಾರಿಗಿಂತ ಎಷ್ಟೋ ಮುಂದೆ ಉಂಟು. ನಿಮ್ಮ ಮಿಕ್ಸಿನಲ್ಲಿ ಗಿಟಾರಿನ ಬೆನ್ನ ಹಿಂದೆ ಅಡಗಿ ಕೂತಿದೆ. ಇದು ಬರೀ ಫೇಡರ್ (ವಾಲ್ಯೂಮ್ ಗುಂಡಿ) ಕೆಲಸ.

ಯಕ್ಷಗಾನದ ಒಂದು ವಿಷಯ ಹೇಳುತ್ತೇನೆ, ನಿಮಗೆ ಸಂಬಂಧ ಉಂಟು. ಭಾಗವತರ ಮೈಕಿಗೆ ಪಕ್ಕದ ಚೆಂಡೆ ಬಿದ್ದೇ ಬೀಳುತ್ತದೆ. ಶುರುವಿನಲ್ಲಿ ನಾನು ಅದನ್ನು ಶತ್ರು ಅಂತ ತಿಳಿದು ಗೇಟ್ (ಶಬ್ದ ಮೆಲುವಾದಾಗ ಮೈಕನ್ನು ತಾನೇ ಮುಚ್ಚುವಂಥದ್ದು) ಹಾಕಿದೆ. ಭಾಗವತರು ಬಾಯಿ ಮುಚ್ಚಿದ ಕೂಡಲೇ ಚೆಂಡೆಯ ಅರ್ಧ ಪ್ರಾಣ ಹೋಗುತ್ತಿತ್ತು. ಪದ ಎತ್ತಿದ ಕೂಡಲೇ ವಾಪಸ್ ಬರುತ್ತಿತ್ತು. ಚೆಂಡೆ ಉಸಿರಾಡಿದ ಹಾಗೆ, ಅಸಹ್ಯ. ಆಟ ಮುಗಿದ ಮೇಲೆ ಚೆಂಡೆಯವರು ಬಂದು, "ಎಂತದು ಮಾರಾಯ, ನನ್ನ ಕೈ ಕಟ್ಟಿ ಹಾಕಿದ್ದು?" ಅಂತ ಕೇಳಿದರು. ನಿಮ್ಮ ಡ್ರಮ್ಮರ್ ಹೇಳಿದ್ದೂ ಅದೇ ಮಾತು. ಆವತ್ತಿಂದ ನಾನು ಮೊದಲು ಭಾಗವತರ ಮೈಕನ್ನು ಮಾತ್ರ ತೆರೆದು ಅದರಲ್ಲಿ ಬೀಳುವ ಚೆಂಡೆ ಹಿತವಾಗಿ ಕೇಳುವ ಹಾಗೆ ಜಾಗ ಹುಡುಕುತ್ತೇನೆ. ಚೆಂಡೆಯ ಮೈಕ್ ಆಮೇಲೆ, ಕಡಿಮೆ ಬಿದ್ದಷ್ಟು ಮಾತ್ರ.

ನೀವೂ ಹಾಗೇ ಮಾಡಿ. ಈ ಸೆಷನ್ ಮುಚ್ಚಿ. ಹೊಸದು ತೆರೆದು, ಏನೂ ತಿದ್ದದ ಮೂಲ ಡ್ರಮ್ಸ್ ಹಾಕಿ. ಗ್ರಿಡ್ ಇಲ್ಲ, ಸ್ಯಾಂಪಲ್ ಇಲ್ಲ. ಎರಡು ಓವರ್‌ಹೆಡ್ ಮಾತ್ರ ತೆರೆದು ಒಂದು ಹಾಡು ಪೂರ್ತಿ ಕೇಳಿ. ಅದೇ ನಿಮ್ಮ ಡ್ರಮ್ ಸೆಟ್ಟು. ಓವರ್‌ಹೆಡ್ ಅಂದ್ರೆ ಸಿಂಬಲ್ ಮೈಕ್ ಅಂತ ಎಲ್ಲರೂ ತಿಳಿದು 500 ಹರ್ಟ್ಜ್ ಕೆಳಗೆ ಕತ್ತರಿಸಿ ಬಿಸಾಡುತ್ತಾರೆ. ಸ್ನೇರಿನ ಹೊಟ್ಟೆ ಇರುವುದೇ ಅಲ್ಲಿ. 80-100ರ ಕೆಳಗೆ ಮಾತ್ರ ತೆಗೆಯಿರಿ, ಸಾಕು.

ಈಗ ಹತ್ತಿರದಿಂದ ನೋಡುವ ಒಂದು ಕೆಲಸ. ಒಂಟಿ ಸ್ನೇರ್ ಏಟು ಹುಡುಕಿ, ಅಲೆ ದೊಡ್ಡದು ಮಾಡಿ. ಎಡ ಓವರ್‌ಹೆಡ್‌ನಲ್ಲಿ ಏಟು ಎಲ್ಲಿ ಶುರು, ಬಲದಲ್ಲಿ ಎಲ್ಲಿ ಶುರು? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಒಂದು ಮೈಕ್ ಸ್ನೇರಿನಿಂದ ಇನ್ನೊಂದಕ್ಕಿಂತ 17 ಸೆಂಟಿಮೀಟರ್ ದೂರ ಇದ್ದರೂ ಅರ್ಧ ಮಿಲಿಸೆಕೆಂಡ್ ವ್ಯತ್ಯಾಸ. ಎರಡನ್ನೂ ಕೂಡಿಸಿದಾಗ 1000 ಹರ್ಟ್ಜ್ ಸುತ್ತ ಒಂದನ್ನೊಂದು ತಿಂದು ಹಾಕುತ್ತವೆ. ಸ್ನೇರ್ ತಗಡಿನ ಡಬ್ಬಿ ಆಗುವುದು ಹೀಗೆ. ನೀವು 48 ಕಿಲೋಹರ್ಟ್ಜ್‌ನಲ್ಲಿ ಮಾಡಿದ್ದರೆ ಅರ್ಧ ಮಿಲಿಸೆಕೆಂಡ್ ಅಂದರೆ 24 ಸ್ಯಾಂಪಲ್ (ಇಲ್ಲಿ ಸ್ಯಾಂಪಲ್ ಅಂದರೆ ಅಲೆಯ ಅಳತೆಯ ಬಿಂದು, ಸೆಕೆಂಡಿಗೆ 48,000). ತಡವಾದ ಟ್ರ್ಯಾಕನ್ನು ಅಷ್ಟು ಬೇಗ ಶುರುವಾಗುವ ಹಾಗೆ ಎಳೆಯಿರಿ. ಮುಂದಿನ ಸಲ ರೆಕಾರ್ಡ್ ಮಾಡುವಾಗ ಇದೆಲ್ಲ ಬೇಡ, ಸ್ನೇರಿನ ನಡುವಿನಿಂದ ದಾರ ಹಿಡಿದು ಎರಡೂ ಮೈಕ್ ಸಮ ದೂರ ಇಡಿ. ಗ್ಲಿನ್ ಜಾನ್ಸ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಹೆಸರಲ್ಲಿ ಬಂದ ಹಳೆ ಡ್ರಮ್ ಪದ್ಧತಿಯ ಗುಟ್ಟೂ ಇಷ್ಟೇ, ಸ್ನೇರಿನಿಂದ ಸಮ ದೂರ.

ಆಮೇಲೆ ಸ್ನೇರ್‌ನ ಹತ್ತಿರದ ಮೈಕ್ ಸೇರಿಸಿ. ಪೋಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ, ಬಿಡಿ, ಒತ್ತಿ, ಬಿಡಿ. ಯಾವುದರಲ್ಲಿ ಸ್ನೇರ್ ದಪ್ಪ ಕೇಳುತ್ತದೋ ಅದೇ ಸರಿ. ಕಿಕ್ಕಿಗೂ ಹಾಗೇ, ಟಾಮಿಗೂ ಹಾಗೇ. ಇಕ್ಯೂಗೆ ಇನ್ನೂ ಕೈ ಹಾಕಿಲ್ಲ ನಾವು, ನೆನಪಿರಲಿ.

ಇನ್ನು ಆ ಎಂಟನೇ ಮೈಕ್. ಮೆಟ್ಟಿಲ ಹತ್ತಿರದ್ದು. ಅದನ್ನು ಮ್ಯೂಟ್ ಮಾಡಿದ್ದೀರಿ ಅಂತ ಓದಿ ನನಗೆ ಹೊಟ್ಟೆ ಉರಿಯಿತು ಮಾರಾಯ್ರೆ! ಜನ ಸಾವಿರ ಸಾವಿರ ಕೊಟ್ಟು ರೂಮ್ ರಿವರ್ಬ್ (ಕೋಣೆಯ ಮಾರ್ದನಿ) ಪ್ಲಗಿನ್ ತಗೊಳ್ಳುತ್ತಾರೆ, ನಿಮ್ಮ ಹತ್ತಿರ ನಿಜವಾದ ಮೆಟ್ಟಿಲು ಉಂಟು. ಅದಕ್ಕೆ ಕಂಪ್ರೆಸರ್ ಗಟ್ಟಿಯಾಗಿ ಹಾಕಿ, ಸಿಂಬಲ್ ಚುಚ್ಚಿದರೆ 6-7 ಕಿಲೋಹರ್ಟ್ಜ್ ಮೇಲೆ ಇಳಿಸಿ. ಫೇಡರ್ ಪೂರ್ತಿ ಕೆಳಗಿಂದ ನಿಧಾನ ಏರಿಸಿ. ಕೇಳಿಸಿತು ಅನ್ನುವಾಗ ಒಂದು ಕೂದಲು ಕೆಳಗೆ ನಿಲ್ಲಿಸಿ. ಇದನ್ನು ಬೇರೆ ಮೈಕಿಗೆ ಹೊಂದಿಸಲು ಎಳೆಯಬೇಡಿ. ಅದು ಮೂರೂವರೆ ಮೀಟರ್ ದೂರ ಇದ್ದರೆ 10 ಮಿಲಿಸೆಕೆಂಡ್ ತಡವಾಗಿ ಬರಬೇಕು, ಬರಲಿ. ರೂಮು ಎಷ್ಟು ದೊಡ್ಡದು ಅಂತ ಕಿವಿಗೆ ಗೊತ್ತಾಗುವುದೇ ಆ ತಡದಿಂದ.

ಗಿಟಾರ್ ಎಂಟರಲ್ಲಿ ಆರು ಮ್ಯೂಟ್ ಮಾಡಿ. ನಿಜ. ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ನೀವು ಇರುವುದೇ ಹಾಗಲ್ಲವಾ? ನಾಲ್ಕು ಸಲ ಒಂದೇ ರಿಫ್ ನುಡಿಸಿ ಪೇರಿಸಿದರೆ ಗೋಡೆ ಆಗುತ್ತದೆ, ಸರಿ. ಆದರೆ ಪಿಕ್ಕು ತಂತಿಗೆ ಹೊಡೆಯುವ ಆ ಕ್ಷಣ ಮಸುಕಾಗುತ್ತದೆ. ಥ್ರ್ಯಾಶಿಗೆ ಬೇಕಾದ್ದೇ ಆ ಕ್ಷಣ. ಮತ್ತೆ ಗೇನ್, ಅಂದರೆ ಡಿಸ್ಟಾರ್ಷನ್ ಎಷ್ಟು ಅನ್ನುವ ಗುಂಡಿ. ಈಗ ಎಷ್ಟಿದೆಯೋ ಅದರ ಮುಕ್ಕಾಲಿಗೆ ಇಳಿಸಿ. ಒಂಟಿಯಾಗಿ ಕೇಳಿದಾಗ ಸಪ್ಪೆ ಅನ್ನಿಸುತ್ತದೆ, ಅನ್ನಿಸಲಿ. ಬೇಸ್ ಜೊತೆ ಕೇಳಿ. ಮೂಲ ನೇರ ಟ್ರ್ಯಾಕ್ ಇರುವುದರಿಂದ ಇನ್ನೂ ಒಂದು ಒಳ್ಳೆ ದಾರಿ ಉಂಟು. ಯಾರದ್ದಾದರೂ ಹಳೆ ಕಾಂಬೊ ಆಂಪ್ ತನ್ನಿ, ಅದೇ ರೂಮಿನಲ್ಲಿ ಇಡಿ, ಇಂಟರ್‌ಫೇಸ್‌ನಿಂದ ಟ್ರ್ಯಾಕನ್ನು ಆಂಪಿಗೆ ಕಳಿಸಿ ಮತ್ತೆ ರೆಕಾರ್ಡ್ ಮಾಡಿ. ರಿಯಾಂಪ್ ಬಾಕ್ಸ್ (ಇಂಟರ್‌ಫೇಸ್‌ನ ಸಿಗ್ನಲನ್ನು ಗಿಟಾರಿನ ಮಟ್ಟಕ್ಕೆ ಇಳಿಸುವ ಡಬ್ಬಿ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಔಟ್‌ಪುಟ್ ತೀರಾ ಕಡಿಮೆಯಿಂದ ಶುರು ಮಾಡಿ. ಒಂದು ಶೂರ್ ಎಸ್‌ಎಂ 57 ಮೈಕ್ ಸ್ಪೀಕರ್ ಬಟ್ಟೆಗೆ ತಾಗುವಷ್ಟು ಹತ್ತಿರ. ನಟ್ಟ ನಡುವೆ ಇಟ್ಟರೆ ಚುಚ್ಚುತ್ತದೆ, ಅಂಚಿನ ಕಡೆ ಸರಿಸಿದಷ್ಟೂ ಮೆತ್ತಗಾಗುತ್ತದೆ. ಎರಡು ಬೆರಳು ಸರಿಸುವುದು ಯಾವ ಇಕ್ಯೂಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ. ಮೆಟ್ಟಿಲ ಮೈಕನ್ನು ಆಗಲೂ ತೆರೆದಿಡಿ. ಡ್ರಮ್ಸ್ ಮತ್ತು ಗಿಟಾರ್ ಒಂದೇ ಮನೆಯಲ್ಲಿ ಇದ್ದ ಹಾಗಾಗುತ್ತದೆ.

ಬೇಸ್. ನಿಮ್ಮದೇ ವಾದ್ಯ, ಅದಕ್ಕೇ ಕೊನೆಗಿಟ್ಟೆ. ನಿಮ್ಮ ರೂಮು 10 ಅಡಿ ಅಗಲ, 10 ಅಡಿ ಎತ್ತರ. ಹತ್ತು ಅಡಿ ಅಂತರದ ಎರಡು ಗೋಡೆ ನಡುವೆ ಸುಮಾರು 56 ಹರ್ಟ್ಜ್ ನಿಂತು ಮೊರೆಯುತ್ತದೆ. ನಿಮ್ಮಲ್ಲಿ ಗೋಡೆ ಗೋಡೆ ನಡುವೆಯೂ ಅದೇ, ನೆಲ ತಾರಸಿ ನಡುವೆಯೂ ಅದೇ. ಒಂದಕ್ಕೆ ಇನ್ನೊಂದು ಜೊತೆ. ಈಗ ಡಿ ಟ್ಯೂನಿಂಗಿನ ದಪ್ಪ ತಂತಿಯಲ್ಲಿ ಏಳನೇ ಫ್ರೆಟ್ ಒತ್ತಿ. ಅದು ಎ ಸ್ವರ, 55 ಹರ್ಟ್ಜ್. ಅದನ್ನು ನುಡಿಸಿದಾಗ ಕಿಟಕಿ ಗಾಜು ಗುಂಯ್ ಅನ್ನುತ್ತದಾ? ನೀವು ಬೆನ್ನು ಗೋಡೆಗೆ ಕೊಟ್ಟು ಕೂರುತ್ತೀರಾ? ಹಾಗಿದ್ದರೆ ಆ ರೂಮು ನಿಮಗೆ ಸುಳ್ಳು ಹೇಳಿದೆ. ಅದರ ಮಾತು ನಂಬಿ ನೀವು ಬೇಸ್ ಇಳಿಸಿದ್ದೀರಿ, ಕಾರಿನಲ್ಲಿ ಅದು ಮಾಯ. ಕುರ್ಚಿ ಎರಡು ಮೂರು ಅಡಿ ಮುಂದೆ ತನ್ನಿ. ಕೆಳಗಿನ ಶಬ್ದದ ತೀರ್ಮಾನ ಹೆಡ್‌ಫೋನಿನಲ್ಲಿ ಮಾಡಿ.

ಮೊಬೈಲಿನ ಸಣ್ಣ ಸ್ಪೀಕರಿಗೆ 40-50 ಹರ್ಟ್ಜ್ ಹುಟ್ಟಿಸುವ ತಾಕತ್ತಿಲ್ಲ. ಅಲ್ಲಿ ಬೇಸ್ ಕೇಳಬೇಕಾದರೆ 700ರಿಂದ 1500ರ ನಡುವಿನ ತಂತಿಯ ಕಟಕಟ ಕೇಳಬೇಕು. ಬೇಸ್ ಟ್ರ್ಯಾಕಿನ ಎರಡು ಪ್ರತಿ ಮಾಡಿ. ಒಂದರಲ್ಲಿ 250ರ ಕೆಳಗಿನದು ಮಾತ್ರ, ಶುದ್ಧವಾಗಿ, ಕಂಪ್ರೆಸ್ ಮಾಡಿ. ಇನ್ನೊಂದರಲ್ಲಿ ಕೆಳಗಿನದು ತೆಗೆದು ಡಿಸ್ಟಾರ್ಷನ್ ಹಾಕಿ ಸೇರಿಸಿ. ಸೇರಿಸುವಾಗ ಇಲ್ಲೂ ಪೋಲಾರಿಟಿ ಬಟನ್ ಒತ್ತಿ ನೋಡಿ. ಐರನ್ ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅರಮನೆ ಮೈದಾನದ ಹಿಂದಿನ ಸಾಲಿನವರೆಗೂ ಕೇಳಿಸಿದ್ದು ಆ ಕಟಕಟದಿಂದ. ಅದಿಲ್ಲದಿದ್ದರೆ ನಿಮ್ಮದೂ 1988ರ ಮೆಟಾಲಿಕಾ ಆಲ್ಬಂ ಕಥೆ, ಬೇಸ್ ಹುಡುಕಲು ಟಾರ್ಚ್ ಬೇಕು.

ಡಬಲ್ ಪೆಡಲ್ ಅವರು ಹೇಳಿದ್ದರಲ್ಲೂ ಸತ್ಯ ಉಂಟು. ವೇಗದ ಕಡೆ ಕಿಕ್ಕಿಗೆ ಊರುಗೋಲು ಬೇಕೇ ಬೇಕು. ಆದರೆ ಊರುಗೋಲು ನಿಮ್ಮ ಮನೆಯದೇ ಆಗಲಿ. ಅದೇ ಡ್ರಮ್ಸಿನ ಒಂಟಿ ಏಟುಗಳು ಹಾಡಿನ ಶುರುವಿನಲ್ಲೋ ಕೊನೆಯಲ್ಲೋ ಸಿಕ್ಕೇ ಸಿಗುತ್ತವೆ. ಐದಾರು ಕತ್ತರಿಸಿಟ್ಟುಕೊಳ್ಳಿ. ಮೂಲ ಕಿಕ್ಕಿನ ಅಡಿಗೆ ಇಡಿ, ಅದರ ಜಾಗದಲ್ಲಿ ಅಲ್ಲ. ಒಂದೇ ಏಟನ್ನು ಒಂದೇ ಜೋರಿನಲ್ಲಿ ಸಾವಿರ ಸಲ ಅಂಟಿಸಿದ್ದಕ್ಕೇ ಟೈಪ್‌ರೈಟರ್ ಆದದ್ದು.

ಡಬಲ್ ಪೆಡಲ್

ಒಪ್ಪಿದೆ ಅಣ್ಣ. ನನ್ನ ಬ್ಯಾಂಡ್‌ನ ಸೆಷನ್ ತೆಗೆದು ಓವರ್‌ಹೆಡ್ ನೋಡಿದೆ. ಎಡ ಬಲ ನಡುವೆ 31 ಸ್ಯಾಂಪಲ್ ವ್ಯತ್ಯಾಸ ಇದೆ. ಆ ರೆಕಾರ್ಡಿಂಗ್ ಬಿಡುಗಡೆ ಆಗಿ ಎರಡು ವರ್ಷ ಆಯ್ತು. ಯಾರಿಗೂ ಹೇಳಬೇಡಿ.

ಗಂಟಲು ಕೆಟ್ಟವಳು

ಡ್ರಮ್ಸ್, ಬೇಸ್ ಎಲ್ಲ ಆಯ್ತು. ಗಾಯಕನ ಬಗ್ಗೆ ಯಾರೂ ಮಾತಾಡಲಿಲ್ಲ. ಯಾವಾಗಲೂ ಹೀಗೇ.

ನಾನೂ ಬೀರುವಿನಲ್ಲಿ ತಲೆ ಇಟ್ಟು ಗ್ರೌಲ್ (ಗಂಟಲಿಂದ ಗುರುಗುಟ್ಟಿ ಹಾಡೋದು) ಮಾಡಿದವಳೇ. ಸೀರೆಗಳು ಮೇಲಿನ ಶಬ್ದವನ್ನೆಲ್ಲ ಕುಡಿದುಬಿಡುತ್ತವೆ. ಆದರೆ ಬೀರು ಒಂದು ಡಬ್ಬಿ, ಅದರ ಗುಂಗು ಹಾಗೇ ಉಳಿಯುತ್ತದೆ. ಕೊನೆಗೆ ಬರುವುದು ಕಂಬಳಿ ಹೊದ್ದುಕೊಂಡು ಡ್ರಮ್ಮಿನೊಳಗೆ ಕೂತು ಕಿರುಚಿದ ಹಾಗೆ. ನಿಮ್ಮ ತುಣುಕಲ್ಲಿ ಅದೇ ಕೇಳಿಸ್ತಿದೆ. 300ರಿಂದ 500 ಹರ್ಟ್ಜ್ ಸುತ್ತ ಮೂರ್ನಾಲ್ಕು ಡೆಸಿಬೆಲ್ ಇಳಿಸಿ ನೋಡಿ, ಸ್ವಲ್ಪ ಉಸಿರು ಬರುತ್ತದೆ. ಆದರೆ ನನ್ನ ಕೇಳಿದರೆ ಮತ್ತೆ ಹಾಡಿಸೋದೇ ವಾಸಿ. ವೋಕಲ್ಸ್‌ಗೆ ಅಜ್ಜಿಯ ನಿದ್ದೆ ಅಡ್ಡ ಬರಲ್ಲ ಅಲ್ವಾ? ಬರಬಹುದು. ಅದು ನಿಮ್ಮ ಗಾಯಕನ ಮೇಲೆ ಹೋಗುತ್ತದೆ.

ರೂಮಿನ ನಡುವೆ ನಿಲ್ಲಿಸಿ, ಹಿಂದೆ ಒಂದು ಹತ್ತಿ ಹಾಸಿಗೆ ಎತ್ತಿ ನಿಲ್ಲಿಸಿ. ಮೈಕಿನ ಹಿಂದೆ ಅಲ್ಲ, ಹಾಡುವವನ ಬೆನ್ನ ಹಿಂದೆ. ಮೈಕ್ ಕೇಳೋದು ಅವನ ಬಾಯಿ ಮತ್ತು ಅವನ ಹಿಂದಿನ ಗೋಡೆಯನ್ನು. ಮೊಟ್ಟೆ ಟ್ರೇ ಕಿತ್ತು ಹಾಕಿ. ಅದು ಬರೀ ಮೇಲಿನ ಚೂರು ಶಬ್ದ ಹೀರುತ್ತದೆ, ಅಷ್ಟೇ. ಕೆಳಗಿನ ಗುಂಗು ಹಾಗೇ ಉಳಿದು ರೂಮು ಇನ್ನೂ ಮಂಕಾಗುತ್ತದೆ. ಬೆಂಕಿ ಬಿದ್ದರೆ ಅದೇ ಮೊದಲು ಹತ್ತಿಕೊಳ್ಳೋದು. ಮೈಕ್ ಕಂಡೆನ್ಸರ್ ಬೇಕಂತೇನಿಲ್ಲ. ಸ್ಟೇಜ್ ಮೇಲೆ ಹಿಡಿಯೋ ಡೈನಾಮಿಕ್ ಮೈಕ್ ಕೈಗೆ ಕೊಟ್ಟು ಬಿಡಿ. ಕೈಯಲ್ಲಿ ಹಿಡಿದರೆ ಮೈಯೂ ಹಾಡುತ್ತದೆ. ಆದರೆ ಮೈಕಿನ ಬುರುಡೆಯನ್ನು ಅಂಗೈಲಿ ಮುಚ್ಚಬಾರದು ಅಂತ ಪ್ರಮಾಣ ಮಾಡಿಸಿ.

ಇನ್ನೊಂದು ವಿಷಯ, ಕನ್ನಡ ಹಾಡುಗಳಿಗೆ ಮಾತ್ರ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷ್‌ನ ಹಾಗೆ ಕೊನೆಯಲ್ಲಿ ಟಕ್ ಅಂತ ವ್ಯಂಜನ ಇರಲ್ಲ. ಗ್ರೌಲ್ ಮಾಡುವಾಗ ಕೊನೆಯ 'ಉ' ಎಳೆದುಕೊಂಡು ಹೋಗಿ ಮುಂದಿನ ಪದದ ಮೇಲೆ ಬೀಳುತ್ತದೆ. "ಕತ್ತಲು", "ಬೆಂಕಿಯು", "ನೆತ್ತರು" ಎಲ್ಲ ಒಂದೇ 'ಊಊ' ಆಗಿಬಿಡುತ್ತವೆ. ಕೊನೆಯ ಸ್ವರ ನುಂಗಿ ಹಾಡೋಕೆ ಹೇಳಿ, "ಕತ್ತಲ್", "ನೆತ್ತರ್". ಒತ್ತಕ್ಷರದ ಮೇಲೆ ಭಾರ ಹಾಕಲಿ, ಆ 'ತ್ತ' ಸ್ನೇರಿನ ಹಾಗೆ ಹೊಡೆಯುತ್ತದೆ. ಮಿಕ್ಸ್‌ನಲ್ಲಿ ಈ ವ್ಯಂಜನ ಇರೋದು 2ರಿಂದ 4 ಕಿಲೋಹರ್ಟ್ಜ್ ನಡುವೆ. ನಿಮ್ಮ ಗಿಟಾರ್‌ನವರೂ ಅಲ್ಲೇ ಪಟ್ಟಾಗಿ ಕೂತಿರ್ತಾರೆ. ಗಿಟಾರ್ ಅಲ್ಲಿ ಎರಡು ಡೆಸಿಬೆಲ್ ಇಳಿಸಿ. ಅವರಿಗೆ ಹೇಳಬೇಡಿ, ಗೊತ್ತಾಗಲ್ಲ.

ಲಿಮಿಟರ್ ಬಗ್ಗೆ. ಒಂದು ಸ್ಟುಡಿಯೋದಲ್ಲಿ ನಮ್ಮ ಹಾಡನ್ನು ಎಷ್ಟು ಒತ್ತಿ ಕೊಟ್ಟಿದ್ದರು ಅಂದ್ರೆ ನಾನು ಉಸಿರು ಎಳೆದುಕೊಳ್ಳೋದೂ ಕಿರುಚಿದಷ್ಟೇ ಜೋರಾಗಿ ಕೇಳಿಸ್ತಿತ್ತು. ದುಡ್ಡು ಕೊಟ್ಟು ಆಸ್ತಮಾ ತಂದ ಹಾಗಾಯ್ತು. 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗಲೂ ಇದೇ ಗಲಾಟೆ. ಸಿಡಿಗಿಂತ 'ಗಿಟಾರ್ ಹೀರೋ' ಆಟದೊಳಗಿನ ಅವೇ ಹಾಡುಗಳು ಕಿವಿಗೆ ಹಿತ ಅಂತ ಕೇಳುಗರೇ ಪತ್ತೆ ಹಚ್ಚಿದರು. ಈಗ ಜೋರು ಮಾಡಿ ಪ್ರಯೋಜನವೂ ಇಲ್ಲ. ಸ್ಪಾಟಿಫೈ ಹೇಗೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ತಗ್ಗಿಸುತ್ತದೆ. ಒತ್ತಿದ್ದು ಒತ್ತಿದ ಹಾಗೇ ಉಳಿದು ಸದ್ದು ಮಾತ್ರ ಇಳಿಯುತ್ತದೆ. ಸ್ನೇರ್ ಏಟು ಕಣ್ಣಿಗೆ ಕಾಣುವಷ್ಟು ಎದ್ದು ನಿಲ್ಲಲಿ.

ದಪ್ಪ ತಂತಿ

ಮೂರು ವಾರ ಆಯ್ತು, ವರದಿ ಒಪ್ಪಿಸ್ತಿದ್ದೇನೆ.

ಮೊದಲು ಏಳನೇ ಫ್ರೆಟ್. ಚೆಂಡೆ ಮೈಕು ಸರ್, ಗಾಜು ಅಲ್ಲ, ಮಾವನ ಟ್ರೋಫಿಗಳಿರುವ ಶೋಕೇಸ್ ಅಲುಗಾಡುತ್ತದೆ. ಎ ನುಡಿಸಿದಾಗ ಮಾತ್ರ. ಜಿಗೂ ಇಲ್ಲ, ಬಿಗೂ ಇಲ್ಲ. ನಾಲ್ಕು ಜನ ಶೋಕೇಸ್ ಮುಂದೆ ಕೂತು ಅರ್ಧ ಗಂಟೆ ಇದೇ ಆಟ ಆಡಿದೆವು. ಬೆನ್ನು ಗೋಡೆಗೇ ಇತ್ತು, ಕುರ್ಚಿ ಮುಂದೆ ತಂದಿದ್ದೇನೆ. ಕಾರಲ್ಲಿ ಈಗ ನಾನು ಇದ್ದೇನೆ.

ಓವರ್‌ಹೆಡ್ 19 ಸ್ಯಾಂಪಲ್ ಆಚೀಚೆ ಇತ್ತು. ಸರಿಸಿದ ಕೂಡಲೇ ಸ್ನೇರ್ ಎಡದಿಂದ ಎದ್ದು ನಡುವೆ ಬಂದು ಕೂತಿತು. ಮ್ಯಾಜಿಕ್ ಅನ್ನಲ್ಲ, ಆದರೆ ಇಷ್ಟು ದಿನ ಇಕ್ಯೂನಲ್ಲಿ ಗುದ್ದಾಡಿದ್ದು ನೆನೆದು ನಗು ಬಂತು. ಮೆಟ್ಟಿಲ ಮೈಕನ್ನು ತೆರೆದಾಗ ಗಿಟಾರ್ ಹುಡುಗ, "ಏಯ್, ಇದು ನಮ್ಮ ರೂಮು ಕಣೋ" ಅಂದ. ಅಷ್ಟು ಸಾಕಾಯ್ತು.

ಗಿಟಾರ್ ಎರಡಕ್ಕೆ ಇಳಿಸೋಕೆ ಒಂದು ಸಂಜೆ ಜಗಳ ಆಯ್ತು. ಕೊನೆಗೆ ಕಣ್ಣು ಕಟ್ಟಿ ಎರಡನ್ನೂ ಒಂದೇ ವಾಲ್ಯೂಮ್‌ನಲ್ಲಿ ಕೇಳಿಸಿದೆ. ಇಬ್ಬರೂ ಎರಡು ಟ್ರ್ಯಾಕ್‌ನದ್ದೇ ಆರಿಸಿದರು. ಕೋರಸ್‌ನಲ್ಲಿ ಮಾತ್ರ ನಾಲ್ಕು ಇಟ್ಟಿದ್ದೇವೆ, ಮರ್ಯಾದೆಗೆ. ವೋಕಲ್ಸ್ ಮತ್ತೆ ಹಾಡಿದ್ದಾಯ್ತು, ಹಾಸಿಗೆ ಇಟ್ಟು. "ನೆತ್ತರ್" ಈಗ ನೆತ್ತರೇ. ಅಜ್ಜಿ ಬಂದು ಯಾರಿಗೆ ಹುಷಾರಿಲ್ಲ ಅಂತ ವಿಚಾರಿಸಿಕೊಂಡು ಹೋದರು.

ಒಂದೇ ಒಂದು ತೊಂದರೆ. ಆಂಪ್ ತಂದು ಗಿಟಾರ್ ಮತ್ತೆ ರೆಕಾರ್ಡ್ ಮಾಡುವಾಗ ಒಂದು ಗುಂಯ್ ಬರುತ್ತದೆ. ಕರೆಂಟ್ ಹೋಗಿ ಯುಪಿಎಸ್ ಆನ್ ಆದರೆ ಅದು ಗುಂಯ್ ಅಲ್ಲ, ಗರಗಸ. ಆಂಪಿನ ಪ್ಲಗ್‌ನ ಮೂರನೇ ಪಿನ್ ತೆಗೆದುಬಿಡು ಅಂತ ಒಬ್ಬರು ಹೇಳಿದರು. ತೆಗೆಯಲಾ?

ಚೆಂಡೆ ಮೈಕು

ತೆಗೆಯಲೇ ಬೇಡಿ. ಆ ಪಿನ್ನು ನಿಮ್ಮ ಜೀವಕ್ಕೆ ಇರುವುದು, ಶಬ್ದಕ್ಕಲ್ಲ. ಆಂಪ್ ಒಳಗೆ ಏನಾದರೂ ಸುಟ್ಟರೆ ಗಿಟಾರ್ ತಂತಿಗೇ ಕರೆಂಟ್ ಬರುತ್ತದೆ.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಅರ್ಧ ಗುಂಯ್ ಅಲ್ಲೇ ಹೋಗಬಹುದು. ಆಂಪ್, ಇಂಟರ್‌ಫೇಸ್ ಎರಡನ್ನೂ ಒಂದೇ ಸಾಕೆಟ್ಟಿನಿಂದ ತಗೊಳ್ಳಿ. ಸಾಕೆಟ್ಟಿಗೆ ಅರ್ಥ್ ನಿಜವಾಗಿ ಉಂಟಾ ಅಂತ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿ, ಹಳೆ ಮನೆಗಳಲ್ಲಿ ಎಷ್ಟೋ ಕಡೆ ಮೂರನೇ ತೂತು ಬರೀ ಅಲಂಕಾರ. ಯುಪಿಎಸ್ ಸ್ಕ್ವೇರ್ ವೇವ್ ಇರಬೇಕು, ಗರಗಸ ಅಂದಿರಲ್ಲ. ಅದಕ್ಕೆ ಮದ್ದಿಲ್ಲ. ಕರೆಂಟ್ ಹೋದರೆ ಕಾಫಿ ಕುಡಿಯಿರಿ. ಮೊದಲೇ ರೆಕಾರ್ಡ್ ಆಗಿರುವ ಗುಂಯ್‌ಗೆ 50, 100, 150 ಹರ್ಟ್ಜ್‌ನಲ್ಲಿ ಸೂಜಿಯಷ್ಟು ಸಣ್ಣ ಕಟ್ ಸಾಕು. ರಿಫ್ ನಡೆಯುವಾಗ ಹೇಗೂ ಕೇಳಲ್ಲ, ಹಾಡಿನ ಶುರು ಮತ್ತು ನಿಲ್ಲುವ ಜಾಗ ಮಾತ್ರ ನೋಡಿ.

ಅದಿರಲಿ, ಡ್ರಮ್ಮರ್ ಎಂತ ಹೇಳಿದರು?

ದಪ್ಪ ತಂತಿ

ಅದನ್ನೇ ಹೇಳೋಕೆ ಬಂದೆ. ನಿನ್ನೆ ಕೇಳಿಸಿದೆ. ಪೂರ್ತಿ ಕೇಳಿ ಇನ್ನೊಂದು ಸಲ ಹಾಕು ಅಂದ. ಮತ್ತೆ ಕೇಳಿದ. ಆಮೇಲೆ ಹೆಡ್‌ಫೋನ್ ತೆಗೆದು, "ಎರಡನೇ ಹಾಡಲ್ಲಿ ಬ್ರೇಕ್ ಆದ ಮೇಲೆ ನಾನು ಓಡಿಬಿಟ್ಟಿದ್ದೀನಿ. ಎಲ್ಲರಿಗೂ ಗೊತ್ತಾಗತ್ತೆ. ಅಲ್ಲಿ ಮಾತ್ರ ಗ್ರಿಡ್‌ಗೆ ಹಾಕು ಮಗಾ, ಪ್ಲೀಸ್" ಅಂದ.

ಚೆಂಡೆ ಮೈಕು

ಹಾಕಬೇಡಿ. ಓಡಿದ್ದು ಅಷ್ಟು ಬೇಜಾರಿದ್ದರೆ ಭಾನುವಾರ ಬೆಳಿಗ್ಗೆ 10ಕ್ಕೆ ಬರಲಿಕ್ಕೆ ಹೇಳಿ. ಒಂದು ಗಂಟೆಯವರೆಗೆ ಟೈಮ್ ಉಂಟು.